ಕೊರಳಪಟ್ಟಿಯ ಅಂಕೆ

ಮಗು ಹಟ ಮಾಡಿ ಊಟ ಬಿಟ್ಟರೆ ನಮ್ಮ ಮನೆಗಳಲ್ಲಿ ಮೊದಲು ಗುಮ್ಮನನ್ನು ಕರೆಯುತ್ತಾರೆ. ಗುಮ್ಮನಿಗೆ ಹೆದರುವ ವಯಸ್ಸು ದಾಟಿತೆಂದರೆ ಕರೆಯುವುದು ಪೋಲೀಸಿನವರನ್ನು. "ನೋಡು, ಪೋಲೀಸಿನವರು ಹಿಡಿದುಕೊಂಡು ಹೋಗುತ್ತಾರೆ" ಎಂದರೆ ಸಾಕು, ತುತ್ತು ತಾನಾಗಿ ಒಳಗಿಳಿಯುತ್ತದೆ. ತಾಯಂದಿರನ್ನು ದೂರಿ ಫಲವಿಲ್ಲ. ಈ ಅಂಜಿಕೆ ಇಂದಿನದಲ್ಲ. ಕನ್ನಡದ ಪ್ರಾಚೀನ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನೆಂಬ ಕಳ್ಳನ ಕಥೆಯುಂಟು. ಅಲ್ಲಿ ಬರುವ ತಳಾರನ ಹೆಸರು ಯಮದಂಡ. ತಳಾರನೆಂದರೆ ಊರ ಕಾವಲಿನವನು, ನಾವು ಇಂದು ತಳವಾರನೆಂದು ಹೇಳುವ ಮಾತಿನ ಪೂರ್ವಜ. ಜನರನ್ನು ಕಾಯಬೇಕಾದವನಿಗೆ ಯಮನ ಕೈದೊಣ್ಣೆಯ ಹೆಸರನ್ನಿಟ್ಟ ಕವಿ ಜನದ ಮನಸ್ಸನ್ನು ಬಲ್ಲವನೇ ಇರಬೇಕು.

ಪೋಲೀಸು ಎಂಬ ಮಾತಾದರೋ ಗ್ರೀಕರ 'ಪೋಲಿಸ್' ಎಂಬುದರ ಸಂತಾನ. ಅದರ ಅರ್ಥ ಪಟ್ಟಣ. ಅಂದಮೇಲೆ ಪಟ್ಟಣಕ್ಕೂ ಪೋಲೀಸಿಗೂ ಹುಟ್ಟಿನಿಂದಲೇ ನಂಟು. ಆದರೆ ನಂಟಿದ್ದಲ್ಲೆಲ್ಲ ನಂಬಿಕೆ ಇರಬೇಕೆಂಬ ನಿಯಮವೇನೂ ಇಲ್ಲವಲ್ಲ! ಈ ನಂಬಿಕೆ ಎಂಬುದು ಒಂದು ಊರಿನಲ್ಲಿ ಹೇಗೆ ಹುಟ್ಟಿತು, ಎಷ್ಟು ಬೆಲೆಗೆ ಹುಟ್ಟಿತು ಎಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ. ಊರು ಲಂಡನ್. ಕರ್ತವ್ಯದ ಮೇಲಿದ್ದ ಪೇದೆಯೊಬ್ಬನನ್ನು ಯಾರೋ ಇರಿದು ಕೊಂದಾಗ, "ಕೊಂದದ್ದು ನ್ಯಾಯವೇ" ಎಂದು ಹದಿನೇಳು ಮಂದಿ ಮರ್ಯಾದಸ್ಥ ಗೃಹಸ್ಥರು ಪ್ರಮಾಣ ಮಾಡಿ ತೀರ್ಪು ಕೊಟ್ಟ ಊರು ಅದು.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ನಾವು ಇಂದು ಪೋಲೀಸೆಂದು ಕರೆಯುವುದು ಇರಲೇ ಇಲ್ಲ. ಪ್ರತಿಯೊಂದು ಕೇರಿಗೂ ಲಾಂದ್ರ ಹಿಡಿದು ಗಂಟೆ ಕೂಗುತ್ತ ತಿರುಗುವ ರಾತ್ರಿಕಾವಲಿನವರಿದ್ದರು. ಬಹುಮಟ್ಟಿಗೆ ಬೇರೆ ಕೆಲಸಕ್ಕೆ ಬಾರದ ಮುದುಕರು. ಕಳ್ಳನನ್ನು ಹಿಡಿದುಕೊಟ್ಟು ಶಿಕ್ಷೆಯಾದರೆ ಸರ್ಕಾರದಿಂದ ಬಹುಮಾನ ಪಡೆಯುವ ಖಾಸಗಿ ಜನರೂ ಇದ್ದರು. ಇವರಲ್ಲಿ ಜೊನಾಥನ್ ವೈಲ್ಡ್ ಎಂಬವನು ಬಲು ಪ್ರಸಿದ್ಧ. ಕಳ್ಳರನ್ನು ಸಾಕುವವನೂ ಅವನೇ, ಕದ್ದ ಮಾಲನ್ನು ಒಡೆಯನಿಗೆ ಹಿಂದಿರುಗಿಸಿ ಹಣ ಪಡೆಯುವವನೂ ಅವನೇ, ಮಾತು ಕೇಳದ ಕಳ್ಳನನ್ನು ನೇಣಿಗೆ ಒಪ್ಪಿಸುವವನೂ ಅವನೇ. 1725ರಲ್ಲಿ ಕೊನೆಗೆ ಅವನನ್ನೇ ನೇಣಿಗೆ ಹಾಕಿದರು. 1749ರಲ್ಲಿ ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟನಾಗಿದ್ದ ಹೆನ್ರಿ ಫೀಲ್ಡಿಂಗ್, ಕಾದಂಬರಿಕಾರನೆಂದು ನಾವು ಓದಿರುವ ಅದೇ ಫೀಲ್ಡಿಂಗ್, ಕೆಲವೇ ಪ್ರಾಮಾಣಿಕರನ್ನು ಸೇರಿಸಿ ಒಂದು ಸಣ್ಣ ತಂಡ ಕಟ್ಟಿದ. ಅವನ ಬಳಿಕ ಕುರುಡನಾಗಿದ್ದ ತಮ್ಮ ಜಾನ್ ಅದನ್ನು ನಡೆಸಿದ. ಅಷ್ಟು ದೊಡ್ಡ ಪಟ್ಟಣಕ್ಕೆ ಅದು ಎಲ್ಲಿಗೆ ಸಾಲಬೇಕು? 1780ರಲ್ಲಿ ಗಾರ್ಡನ್ ದಂಗೆಯೆಂಬ ಮತೀಯ ಗಲಭೆಯೆದ್ದು ಊರು ದಿನಗಟ್ಟಲೆ ಹೊತ್ತಿ ಉರಿದಾಗ ಸೈನ್ಯವನ್ನು ಕರೆಸದೆ ವಿಧಿಯಿರಲಿಲ್ಲ. ಸೈನಿಕನಿಗೆ ಗೊತ್ತಿರುವುದು ಗುಂಡು ಹಾರಿಸುವುದು. ಸುಮಾರು ಮುನ್ನೂರು ಜನ ಸತ್ತರು.

ಇಷ್ಟಾದರೂ 1785ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದ ಪೋಲೀಸ್ ಮಸೂದೆ ಬಿದ್ದುಹೋಯಿತು. ಕಾರಣ ವಿಚಿತ್ರವಾಗಿ ಕಾಣಬಹುದು. ಪೋಲೀಸೆಂದರೆ ಆಂಗ್ಲರ ಕಣ್ಣಿಗೆ ಕಟ್ಟುತ್ತಿದ್ದುದು ಫ್ರಾನ್ಸು. ಅಲ್ಲಿನ ಪೋಲೀಸು ದೊರೆಯ ಕಿವಿ. ಮುಂದೆ ನೆಪೋಲಿಯನ್ನನ ಮಂತ್ರಿ ಫೂಷೆಯ ಕಾಲದಲ್ಲಂತೂ ಗೋಡೆ ಗೋಡೆಗೂ ಕಿವಿ. ಮನೆಗೆ ಕನ್ನ ಬಿದ್ದರೂ ಸಹಿಸಿಯೇವು, ಮನೆಯೊಳಗಿನ ಮಾತಿಗೆ ಬೇಹುಗಾರ ಕಿವಿಗೊಡುವುದನ್ನು ಸಹಿಸೆವು ಎಂಬುದು ಲಂಡನ್ನಿನವರ ವಾದ. 1822ರಲ್ಲಿ ಕೂಡ ಪಾರ್ಲಿಮೆಂಟಿನ ಸಮಿತಿಯೊಂದು, ಸ್ವತಂತ್ರವಾದ ನಾಡಿಗೂ ಬಿಗಿಯಾದ ಪೋಲೀಸಿಗೂ ಹೊಂದಿಕೆಯಾಗದು ಎಂದೇ ಅಭಿಪ್ರಾಯಪಟ್ಟಿತು. ಈ ವಾದವನ್ನು ಹಳೆಯ ಕಾಲದ ಅವಿವೇಕವೆಂದು ತಳ್ಳಿಬಿಡಬೇಡಿ. ಲಂಡನ್ನಿನ ಪೋಲೀಸು ಮುಂದೆ ಪಡೆದ ಒಳ್ಳೆಯ ಗುಣಗಳೆಲ್ಲ ಈ ಸಂಶಯದ ಮೂಸೆಯಲ್ಲಿ ಕರಗಿ ಬಂದವು ಎಂಬುದು ನನ್ನ ಎಣಿಕೆ.

1822ರ ಆ ಸಮಿತಿಗೆ ಅಧ್ಯಕ್ಷನಾಗಿದ್ದ ಗೃಹಮಂತ್ರಿ ರಾಬರ್ಟ್ ಪೀಲ್ ಸುಮ್ಮನೆ ಕೂರಲಿಲ್ಲ. ಅವನು ಹಿಂದೆ 1812ರಿಂದ 1818ರ ವರೆಗೆ ಐರ್ಲೆಂಡಿನ ಆಡಳಿತದಲ್ಲಿದ್ದು, 1814ರಲ್ಲಿ ಅಲ್ಲಿ ಒಂದು ಪೋಲೀಸ್ ಪಡೆಯನ್ನು ಕಟ್ಟಿದ್ದವನು. ಐರ್ಲೆಂಡಿನ ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1829ರ ಜೂನ್ 19ರಂದು ಅವನ ಮಸೂದೆ ಕಾನೂನಾಯಿತು. ಸೆಪ್ಟೆಂಬರ್ 29ರ ಸಂಜೆ ಹೊಸ ಪೋಲೀಸಿನ ಮೊದಲ ಪೇದೆಗಳು ಬೀದಿಗಿಳಿದರು. ಪಡೆಗೆ ಇಬ್ಬರು ಯಜಮಾನರು: ವಾಟರ್ಲೂ ಯುದ್ಧದಲ್ಲಿ ಗಾಯಗೊಂಡಿದ್ದ ಕರ್ನಲ್ ಚಾರ್ಲ್ಸ್ ರೋವನ್, ಮತ್ತು ಐರ್ಲೆಂಡಿನವನಾದ ತರುಣ ವಕೀಲ ರಿಚರ್ಡ್ ಮೇನ್. ಒಬ್ಬನಿಗೆ ಶಿಸ್ತು ಗೊತ್ತು, ಇನ್ನೊಬ್ಬನಿಗೆ ಕಾನೂನು ಗೊತ್ತು. ಜೋಡಿ ಚೆನ್ನಾಗಿ ಕೂಡಿತು.

ಈ ಇಬ್ಬರೂ ಮೊದಲು ಯೋಚಿಸಿದ್ದು ಬಟ್ಟೆಯ ವಿಚಾರ. ಬೇಹುಗಾರನೆಂಬ ಗುಮಾನಿ ಬರಬಾರದೆಂದರೆ ಪೇದೆ ದೂರದಿಂದಲೇ ಕಾಣಬೇಕು. ಸೈನಿಕನೆಂಬ ಗುಮಾನಿ ಬರಬಾರದೆಂದರೆ ಸೈನ್ಯದ ಕೆಂಪು ಬಣ್ಣ ಕೂಡದು. ಆದ್ದರಿಂದ ನೀಲಿ ಕೋಟು, ಆ ಕಾಲದ ಗೃಹಸ್ಥರು ಇಡುತ್ತಿದ್ದಂಥ ಎತ್ತರದ ಟೋಪಿ. ಬಂದೂಕಿಲ್ಲ. ಮರದ ದೊಣ್ಣೆಯೊಂದುಂಟು, ಅದೂ ಕೋಟಿನ ಹಿಂಬಾಲದೊಳಗೆ ಕಾಣದಂತೆ. ಸಹಾಯಕ್ಕೆ ಕರೆಯಲು ಗಿರ್ರನೆ ತಿರುಗಿಸಿದರೆ ಕಟಕಟ ಸದ್ದು ಮಾಡುವ ಮರದ ಗಿರಕಿ. ಸೀಟಿ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ. ಕೋಟಿನ ಕೊರಳಪಟ್ಟಿಯ ಮೇಲೆ ಒಂದು ಅಕ್ಷರ, ಒಂದು ಅಂಕೆ. ಅಕ್ಷರ ಅವನ ವಿಭಾಗದ್ದು, ಅಂಕೆ ಅವನದು. ಕೆಲಸವಿಲ್ಲದ ಹೊತ್ತಿನಲ್ಲೂ ಉಡುಪು ತೊಟ್ಟೇ ಇರಬೇಕು. ಕರ್ತವ್ಯದ ಮೇಲಿದ್ದಾನೆಂದು ತಿಳಿಯಲು ಎಡಗೈಯ ತೋಳಿನ ತುದಿಗೆ ಒಂದು ಪಟ್ಟಿ.

ಎಲ್ಲಕ್ಕಿಂತ ದೊಡ್ಡದು ಈ ಕೊರಳಿನ ಅಂಕೆಯೆಂದು ನನಗನಿಸುತ್ತದೆ. ಓದು ಬಾರದ ಮೀನು ಮಾರುವವಳು ಕೂಡ ಆ ಗುರುತನ್ನು ನೆನಪಿಟ್ಟುಕೊಂಡು ಹೋಗಿ ದೂರು ಹೇಳಬಹುದಾಗಿತ್ತು. ಮೂವತ್ತು ವರ್ಷ ಹುಡುಗರ ನಡುವೆ ಕಳೆದ ಮೇಷ್ಟ್ರು ನಾನು. ಹಿಂದಿನ ಬೆಂಚಿನಿಂದ ಸೀಮೆಸುಣ್ಣ ಹಾರುವುದು ಯಾರ ಹೆಸರೂ ತಿಳಿಯದಷ್ಟು ದಿನ ಮಾತ್ರ. ನಮ್ಮ ಭಾಷೆಯಲ್ಲಿ ಅಂಕೆ ಎಂದರೆ ಎಣಿಕೆಯ ಗುರುತೂ ಹೌದು, ಹತೋಟಿಯೂ ಹೌದು. ಒಂದೇ ಮಾತಿಗೆ ಎರಡು ಅರ್ಥ ಬಂದದ್ದು ಇಲ್ಲಿ ಎಷ್ಟು ಒಪ್ಪುತ್ತದೆ ನೋಡಿ.

ಪೇದೆಗೆ ವಾರಕ್ಕೆ 21 ಷಿಲಿಂಗು ಸಂಬಳ. ವಯಸ್ಸು 35ರ ಒಳಗೆ, ಎತ್ತರ 5 ಅಡಿ 7 ಅಂಗುಲಕ್ಕೆ ಕಡಮೆಯಿಲ್ಲ, ಓದುಬರಹ ಬರಬೇಕು. ಶಿಫಾರಸಿನ ಮೇಲೆ ದೊಡ್ಡ ಮನೆತನದವರನ್ನು ತಂದು ಮೇಲೆ ಕೂರಿಸಬಾರದು, ಪೇದೆಗಳೇ ಮೇಲೇರಬೇಕು ಎಂದು ಪೀಲನ ಕಟ್ಟಪ್ಪಣೆ. ಪೇದೆಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕನ್ನು ಕೂಡ ಕಾನೂನು ಕಿತ್ತುಕೊಂಡಿತ್ತು. ಪಕ್ಷಪಾತದ ಸಂಶಯ ಬಾರದಿರಲೆಂದು. ಆ ಹಕ್ಕು ಹಿಂದಿರುಗಿದ್ದು 1887ರಲ್ಲಿ. ಗಂಟೆಗೆ ಎರಡೂವರೆ ಮೈಲಿಯಂತೆ ತನ್ನ ಗಸ್ತಿನ ಬೀದಿಗಳನ್ನು ಸುತ್ತುವುದು ಅವನ ಕೆಲಸ. ಆ ಬೀದಿಯ ಮನೆಮನೆಯವರ ಮುಖಪರಿಚಯ ಅವನಿಗಿರಬೇಕು. ಅಪರಾಧವಾದ ಮೇಲೆ ಹಿಡಿಯುವುದಕ್ಕಿಂತ ಆಗದಂತೆ ತಡೆಯುವುದೇ ಮುಖ್ಯವೆಂದೂ, ಸಿಟ್ಟನ್ನು ಹಿಡಿತದಲ್ಲಿಟ್ಟುಕೊಳ್ಳಲಾರದವನು ಈ ಕೆಲಸಕ್ಕೆ ತಕ್ಕವನಲ್ಲವೆಂದೂ 1829ರ ಆದೇಶಪುಸ್ತಕ ಬಿಡಿಸಿ ಹೇಳುತ್ತದೆ.

ಇಲ್ಲಿ ಒಂದು ಮಾತು. ಪೀಲನ ಒಂಬತ್ತು ಸೂತ್ರಗಳೆಂದು ಒಂದು ಪಟ್ಟಿಯನ್ನು ಲೋಕದ ಪೋಲೀಸ್ ಶಾಲೆಗಳಲ್ಲೆಲ್ಲ ಹೇಳಿಕೊಡುತ್ತಾರೆ. ಪೋಲೀಸರೇ ಜನ, ಜನರೇ ಪೋಲೀಸರು ಎಂಬರ್ಥದ ಸೊಗಸಾದ ಸೂತ್ರವೂ ಅದರಲ್ಲುಂಟು. ಆದರೆ ಆ ಪಟ್ಟಿ 1829ರ ಯಾವ ಕಾಗದದಲ್ಲೂ ಇಲ್ಲ. ಅದನ್ನು ಆ ರೂಪಕ್ಕೆ ತಂದವನು 20ನೆಯ ಶತಮಾನದ ಇತಿಹಾಸಕಾರ ಚಾರ್ಲ್ಸ್ ರೀತ್. ನಮ್ಮ ಪಂಡಿತರ ಮಾತಿನಲ್ಲಿ ಹೇಳುವುದಾದರೆ ಅದು ಪ್ರಕ್ಷಿಪ್ತ. ಭಾವ ಮೂಲದ್ದೇ ಇರಬಹುದು, ಪಾಠ ಮೂಲದ್ದಲ್ಲ. ಸೂತ್ರದಿಂದ ನಂಬಿಕೆ ಹುಟ್ಟುವ ಹಾಗಿದ್ದರೆ ಲಂಡನ್ನಿನ ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು.

ನಡೆದದ್ದು ಬೇರೆ. ನೇಮಕದ ದಾಖಲೆಯಲ್ಲಿ 1ನೆಯ ಅಂಕೆ ಪಡೆದಿದ್ದ ಪೇದೆ ಕುಡಿದು ಬಂದನೆಂದು ಮೊದಲ ದಿನವೇ ಕೆಲಸ ಕಳೆದುಕೊಂಡ! ಮೊದಲಿಗೆ ಸೇರಿದವರ ಪೈಕಿ ಬಹುಪಾಲು ನಾಲ್ಕು ವರ್ಷದೊಳಗೆ ಹೊರಬಿದ್ದಿದ್ದರು. ಕೆಲವರು ಬೇಸತ್ತು, ಬಹಳ ಮಂದಿ ವಜಾ ಆಗಿ, ಕಾರಣ ಹೆಚ್ಚಾಗಿ ಕುಡಿತ. ಇಷ್ಟು ಜನವನ್ನು ತೆಗೆದರೆ ಪಡೆಯ ಮಾನ ಹೋಗುತ್ತದೆಂದು ರೋವನ್ನನಾಗಲಿ ಮೇನನಾಗಲಿ ಮುಚ್ಚಿಡಲಿಲ್ಲ. ದೂರು ಬಂದರೆ ಕೇಳಿದರು, ವಿಚಾರಿಸಿದರು, ಉತ್ತರ ಬರೆದರು.

ಇದನ್ನು ಬರೆಯುವಾಗ ನನ್ನದೇ ಒಂದು ಪ್ರಸಂಗ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಸೈಕಲ್ಲು ಕಳುವಾಗಿ ಒಂದು ಠಾಣೆಗೆ ಹೋಗಿದ್ದೆ. ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದ ಮೇಲೆ ಕೇಳಿದ ಮೊದಲ ಪ್ರಶ್ನೆ, "ಬೀಗ ಹಾಕಿದ್ರೋ ಇಲ್ವೋ, ನಿಜ ಹೇಳಿ". ಕಳ್ಳ ನಾನೇ ಏನೋ ಎಂದು ನನಗೇ ಅನುಮಾನ ಬಂದು ಅರ್ಜಿ ಕೊಡದೆ ಎದ್ದು ಬಂದೆ. ಆ ಮನುಷ್ಯ ಕೆಟ್ಟವನಿರಲಾರ, ಎರಡು ಪಾಳಿ ಸತತವಾಗಿ ದುಡಿದು ದಣಿದಿದ್ದನೋ ಏನೋ. ಆದರೂ ಆ ದಾರಿಯಲ್ಲಿ ಹೋಗುವಾಗ ಇವತ್ತಿಗೂ ನಾನು ಎದುರುಬದಿಯಲ್ಲಿ ನಡೆಯುತ್ತೇನೆ.

ಲಂಡನ್ನಿನ ಜನರೂ ಎದುರುಬದಿಯಲ್ಲೇ ನಡೆದರು. ಹೊಸ ಪೋಲೀಸಿಗೆಂದು ಮನೆತೆರಿಗೆ ಏರಿತ್ತು. ಆ ಸಿಟ್ಟು ಬೇರೆ. ನೀಲಿ ದೆವ್ವಗಳೆಂದರು, ಪೀಲನ ರಕ್ತಪಿಪಾಸು ಗುಂಪೆಂದರು. ಹಸಿ ಲಾಬ್‌ಸ್ಟರ್ ಎಂದೊಂದು ಬೈಗುಳವಿತ್ತು. ಲಾಬ್‌ಸ್ಟರ್ ಎಂದರೆ ಸಿಗಡಿಯ ಜಾತಿಯ ದೊಡ್ಡ ಕಡಲಜಂತು. ಹಸಿಯಾಗಿದ್ದಾಗ ನೀಲಿ, ಬಿಸಿನೀರಿಗೆ ಹಾಕಿದೊಡನೆ ಕೆಂಪು. ಇವತ್ತು ನೀಲಿ ಕೋಟು, ಸ್ವಲ್ಪ ಕಾವು ತಗುಲಿದರೆ ಕೆಂಪು ಕೋಟಿನ ಸೈನಿಕರೇ ಎಂಬುದು ಅದರ ವ್ಯಂಗ್ಯ. ಬೈಗುಳದಲ್ಲಿ ಇಷ್ಟು ರಾಜಕೀಯ ತುಂಬುವ ಜನ ಸಾಮಾನ್ಯರಲ್ಲ.

ಕಾವು ತಗುಲಿದ್ದು 1833ರಲ್ಲಿ. ಮೇ 13ರಂದು ಕೋಲ್ಡ್ ಬಾತ್ ಫೀಲ್ಡ್ಸ್ ಎಂಬ ಬಯಲಿನಲ್ಲಿ, ಎಲ್ಲರಿಗೂ ಮತದಾನದ ಹಕ್ಕು ಬೇಕೆಂದು ಕೇಳುವ ದುಡಿಯುವ ಜನರ ಸಂಘವೊಂದು ಸಭೆ ಕರೆದಿತ್ತು. ಗೃಹಮಂತ್ರಿ ಮೆಲ್ಬರ್ನ್ ಸಭೆಯನ್ನು ನಿಷೇಧಿಸಿದ. ಗೋಡೆಗಳಿಗೆ ಅಂಟಿಸಿದ ನಿಷೇಧದ ಪ್ರಕಟಣೆಯ ಕೆಳಗೆ ಯಾರ ಸಹಿಯೂ ಇರಲಿಲ್ಲ. ಸಭೆ ಸೇರಿತು, ಅಕ್ಕಪಕ್ಕದಲ್ಲಿ ಅಡಗಿದ್ದ ಪೋಲೀಸರು ದೊಣ್ಣೆ ಹಿಡಿದು ನುಗ್ಗಿದರು, ಹೆಂಗಸರು ಮಕ್ಕಳೆನ್ನದೆ ಪೆಟ್ಟು ಬಿದ್ದವು. ಆ ನೂಕುನುಗ್ಗಲಿನಲ್ಲಿ ಮೂವರು ಪೋಲೀಸರಿಗೆ ಇರಿತವಾಯಿತು. ಇಬ್ಬರು ಬದುಕಿಕೊಂಡರು. ರಾಬರ್ಟ್ ಕಲ್ಲಿ ಎಂಬ ಪೇದೆ ಸತ್ತ. ಇನ್ನೂ ತರುಣ; ಮನೆಯಲ್ಲಿ ಗರ್ಭಿಣಿ ಹೆಂಡತಿ.

ಅಸಹಜ ಮರಣವಾದರೆ ಕೊರೋನರನೆಂಬ ಅಧಿಕಾರಿ ಜ್ಯೂರಿಯನ್ನು ಕೂರಿಸಿ ವಿಚಾರಣೆ ನಡೆಸುವುದು ಅಲ್ಲಿನ ಪದ್ಧತಿ. ಹತ್ತಿರದ ಕ್ಯಾಲ್ತಾರ್ಪ್ ಆರ್ಮ್ಸ್ ಎಂಬ ಪಾನಗೃಹದ ಕೊಠಡಿಯಲ್ಲಿ ಹದಿನೇಳು ಮಂದಿ ಕುಳಿತರು. ಪುಂಡರಲ್ಲ, ದಂಗೆಕೋರರಲ್ಲ, ಅಂಗಡಿಯವರು, ಹೆಚ್ಚಿನವರು ರೊಟ್ಟಿ ಸುಡುವವರು, ತೆರಿಗೆ ಕಟ್ಟುವ ಸಂಸಾರಿಗಳು. ಸಾಕ್ಷಿಗಳನ್ನು ಕೇಳಿ ಅವರು ಕೊಟ್ಟ ತೀರ್ಪು: ಇದು ನ್ಯಾಯಸಮ್ಮತವಾದ ಹತ್ಯೆ. ಚದುರಿರೆಂದು ಜನಕ್ಕೆ ಕಾನೂನಿನಂತೆ ಓದಿ ಹೇಳಲಿಲ್ಲ, ಸರ್ಕಾರ ತಕ್ಕ ಮುನ್ನೆಚ್ಚರಿಕೆ ವಹಿಸಲಿಲ್ಲ, ಪೋಲೀಸರ ನಡತೆ ಕ್ರೂರವೂ ನಿಷ್ಕಾರಣವೂ ಆಗಿತ್ತು, ಇವು ಅವರು ಹೇಳಿದ ಕಾರಣಗಳು. ತೀರ್ಪು ಬದಲಿಸಿರೆಂದು ಕೊರೋನರ್ ಒತ್ತಿ ಹೇಳಿದ. ಅವರು ಜಗ್ಗಲಿಲ್ಲ. ಅಂದಿನ ರಾತ್ರಿ ಜನ ಪಂಜುಗಳನ್ನು ಹಿಡಿದು ಜ್ಯೂರಿಯವರನ್ನು ಮೆರವಣಿಗೆಯಲ್ಲಿ ಮನೆ ಮುಟ್ಟಿಸಿದರು. ಅವರ ಹೆಸರಿನಲ್ಲಿ ಪದಕಗಳನ್ನು ಅಚ್ಚೊತ್ತಿಸಿದರು. ಥೇಮ್ಸ್ ನದಿಯಲ್ಲಿ ದೋಣಿಯೇರಿಸಿ ವಿಹಾರಕ್ಕೆ ಕರೆದುಕೊಂಡು ಹೋದರು. ಸರ್ಕಾರ ಮೇಲಿನ ನ್ಯಾಯಾಲಯದಲ್ಲಿ ಆ ತೀರ್ಪನ್ನು ರದ್ದು ಮಾಡಿಸಿತು. ಕಾಗದದ ಮೇಲೆ ರದ್ದಾಯಿತು, ಅಷ್ಟೆ. ಇನ್ನೊಬ್ಬ ಪೋಲೀಸನನ್ನು ಇರಿದನೆಂಬ ಆಪಾದನೆಗೊಳಗಾದವನನ್ನು ಬೇರೊಂದು ಜ್ಯೂರಿ ಬಿಡುಗಡೆ ಮಾಡಿತು.

ಕಲ್ಲಿಯ ಹೆಂಡತಿಯನ್ನು ನೆನೆದಾಗ ಈ ಪದಕಗಳ ವಿಷಯ ಓದಲು ಮನಸ್ಸು ಒಪ್ಪುವುದಿಲ್ಲ. ಸತ್ತವನು ಆಜ್ಞೆ ಕೊಟ್ಟವನಲ್ಲ, ಪಾಲಿಸಿದವನು. ಆದರೆ ಪೆಟ್ಟು ತಿಂದ ಹೆಂಗಸರೂ ಆಜ್ಞೆ ಮೀರಿದವರಾಗಿರಲಿಲ್ಲವಲ್ಲ.

ಅದೇ ವರ್ಷ ಇನ್ನೊಂದು ಹೊಲಸು ಹೊರಬಿತ್ತು. ಪೋಪೆ ಎಂಬ ಸಾರ್ಜೆಂಟನು ಬಡ ಚಿತ್ರಗಾರನಂತೆ ವೇಷ ಹಾಕಿಕೊಂಡು ಅದೇ ಸಂಘದ ಒಂದು ಶಾಖೆಗೆ ಸದಸ್ಯನಾಗಿ ಸೇರಿದ್ದ. ತಿಂಗಳುಗಟ್ಟಲೆ ಅವರ ಮನೆಗಳಲ್ಲಿ ಉಂಡ, ಭಾಷಣಗಳಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ, ಇನ್ನೂ ಕಟುವಾಗಿ ಬರೆಯಿರೆಂದು ಹುರಿದುಂಬಿಸಿದ. ಒಂದು ದಿನ ಸಂಘದವನೊಬ್ಬನು ಠಾಣೆಯ ಕಡೆ ಹೋಗಿ ನೋಡುತ್ತಾನೆ, ನಮ್ಮ ಚಿತ್ರಗಾರ ಮೇಜಿನ ಮುಂದೆ ಕುಳಿತಿದ್ದಾನೆ! ಲಂಡನ್ನು ಐವತ್ತು ವರ್ಷದಿಂದ ಅಂಜುತ್ತಿದ್ದ ಫ್ರೆಂಚ್ ಭೂತ ಇದೇ.

ಇಲ್ಲಿಂದ ಮುಂದಕ್ಕೆ ಏನಾಯಿತು ಎಂಬುದೇ ಈ ಚರಿತ್ರೆಯ ತಿರುಳು. ಸಂಘದ ಬಡವರು ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು, ಪಾರ್ಲಿಮೆಂಟು ಅರ್ಜಿಯನ್ನು ತೆಗೆದುಕೊಂಡಿತು. ಒಂದಲ್ಲ, ಎರಡು ಸಮಿತಿಗಳು ಕುಳಿತವು. ಒಂದು ಬಯಲಿನ ಲಾಠಿಪ್ರಹಾರದ ಬಗ್ಗೆ, ಇನ್ನೊಂದು ಪೋಪೆಯ ಬಗ್ಗೆ. ಪೇದೆಗಳೂ ಅಧಿಕಾರಿಗಳೂ ಬಂದು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಯಿತು, ಅದೆಲ್ಲ ಅಚ್ಚಾಯಿತು. ಲಾಠಿಯ ವಿಷಯದಲ್ಲಿ ಸಮಿತಿ ಪೋಲೀಸರನ್ನು ಬಹುಮಟ್ಟಿಗೆ ಸಮರ್ಥಿಸಿತಾದರೂ, ಉದ್ರೇಕದ ಹೊತ್ತಿನಲ್ಲಿ ಅವರನ್ನು ಬಿಗಿಹಿಡಿಯುವ ಮೇಲಿನವರ ಹತೋಟಿ ಸಾಲದಾಯಿತೆಂದು ಹೇಳಿತು. ಪೋಪೆಯ ವಿಷಯದಲ್ಲಿ ದಾಕ್ಷಿಣ್ಯ ತೋರಲಿಲ್ಲ. ಅವನ ನಡತೆ ಖಂಡನೀಯವೆಂದಿತು, ಮೇಲಿನವರು ಕಣ್ಣಿಡಲಿಲ್ಲವೆಂದು ಅವರಿಗೂ ಚುಚ್ಚಿತು. ಪೋಪೆ ಕೆಲಸದಿಂದ ಹೋದ. ಸಾದಾ ಉಡುಪಿನ ಪತ್ತೇದಾರಿ ವಿಭಾಗ ತೆರೆಯಲು ರೋವನ್ ಮತ್ತು ಮೇನರಿಗೆ 1842ರ ವರೆಗೆ ಧೈರ್ಯ ಬರಲಿಲ್ಲ. ಆಗಲೂ ನೇಮಿಸಿದ್ದು ಎಂಟೇ ಜನರನ್ನು.

ನಂಬಿಕೆ ಚಿಗುರತೊಡಗಿದ್ದು ಈ ಅವಮಾನದ ಬಳಿಕ ಎಂಬುದನ್ನು ಗಮನಿಸಬೇಕು. ತಪ್ಪು ಮಾಡದ ಪೋಲೀಸರೆಂದು ಜನ ನಂಬಿದ್ದಲ್ಲ. ತಪ್ಪು ಮಾಡಿದರೆ ಕೇಳುವವರುಂಟು, ಕೇಳಿದರೆ ಉತ್ತರ ಹೇಳಬೇಕಾಗುತ್ತದೆ ಎಂದು ಕಣ್ಣಾರೆ ಕಂಡರು. 1851ರಲ್ಲಿ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆಯ ಮಹಾಪ್ರದರ್ಶನ ನಡೆದಾಗ ಮೇ ತಿಂಗಳಿಂದ ಅಕ್ಟೋಬರಿನವರೆಗೆ ಸುಮಾರು 60 ಲಕ್ಷ ಭೇಟಿಗಳಾದವು. ದೊಂಬಿಯಾಗುತ್ತದೆಂದು ಮೊದಲೇ ನಡುಗಿದ್ದವರು ಬಹಳ ಮಂದಿ. ದೊಂಬಿಯಾಗಲಿಲ್ಲ. ಕಲ್ಲಿ ಸತ್ತು ಹದಿನೆಂಟು ವರ್ಷವಾಗಿತ್ತು. ನೀಲಿ ಕೋಟಿನವನು ಹಳ್ಳಿಯಿಂದ ಬಂದವರಿಗೆ ದಾರಿ ತೋರಿಸುತ್ತ ನಿಂತಿದ್ದ.

ಹಾಗೆಂದು ಕಥೆ ಸುಖಾಂತವಾಗಲಿಲ್ಲ. ನಾಲ್ಕೇ ವರ್ಷದಲ್ಲಿ, 1855ರ ಜುಲೈ 1ರಂದು, ಭಾನುವಾರದ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ವಿರೋಧಿಸಿ ಅದೇ ಹೈಡ್ ಪಾರ್ಕಿನಲ್ಲಿ ಸೇರಿದ್ದ ಜನರ ಮೇಲೆ ದೊಣ್ಣೆಗಳು ಬಿದ್ದವು. ಮತ್ತೆ ವಿಚಾರಣಾ ಆಯೋಗ. 1877ರಲ್ಲಿ ಪತ್ತೇದಾರರೇ ವಂಚಕರಿಂದ ಲಂಚ ತಿಂದು ಕಟಕಟೆ ಹತ್ತಿದರು. 1972ರಲ್ಲಿ ಕಮಿಷನರ್ ಆದ ರಾಬರ್ಟ್ ಮಾರ್ಕ್ ಎಂಬವರು ಲಂಚಕೋರ ಪತ್ತೇದಾರರ ಬೆನ್ನುಹತ್ತಿ, ಐದು ವರ್ಷಗಳಲ್ಲಿ ನೂರಾರು ಮಂದಿ ಕೆಲಸ ಬಿಟ್ಟು ಹೋಗುವಂತೆ ಮಾಡಿದರು. 1981ರಲ್ಲಿ ಬ್ರಿಕ್ಸ್‌ಟನ್ ಬಡಾವಣೆಯ ಕಪ್ಪು ಜನರ ಹುಡುಗರನ್ನು ಬೀದಿಬೀದಿಯಲ್ಲಿ ತಡೆದು ಶೋಧಿಸಿದ್ದರಿಂದ ಊರೇ ಹೊತ್ತಿಕೊಂಡಿತು. ಆ ಗಲಭೆ, ಸ್ಕಾರ್‌ಮನ್ ವರದಿ, ಆ ಕಾಲದ ಇತರ ವಿಚಾರಣೆಗಳು, ಇವುಗಳ ಹಿನ್ನೆಲೆಯಲ್ಲಿ 1984ರಲ್ಲಿ ಬಂದ ಕಾನೂನು, ಬಂಧಿತನನ್ನು ಠಾಣೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಗಂಟೆ ಗಂಟೆಗೂ ದಾಖಲೆಗೆ ಒಳಪಡಿಸಿತು. ಕಪ್ಪು ಹುಡುಗ ಸ್ಟೀಫನ್ ಲಾರೆನ್ಸನ 1993ರ ಕೊಲೆಯನ್ನು ಸರಿಯಾಗಿ ತನಿಖೆ ಮಾಡಲಿಲ್ಲವೆಂದು 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಪಡೆಯನ್ನೇ ವರ್ಣಭೇದದ ದೋಷಕ್ಕೆ ಗುರಿಮಾಡಿತು. 2023ರ ಕೇಸಿ ವರದಿಯಂತೂ ಜನರ ಒಪ್ಪಿಗೆ ಮುರಿದುಬಿದ್ದಿದೆ ಎಂದೇ ಬರೆಯಿತು. ಇಷ್ಟೆಲ್ಲ ವರದಿಗಳಿರುವುದು ಲಂಡನ್ನಿಗೆ ನಾಚಿಕೆಯ ಸಂಗತಿಯೇ. ವರದಿಗಳೇ ಇಲ್ಲದ ಊರು ಅದಕ್ಕಿಂತ ಒಳ್ಳೆಯದೆಂದು ಮಾತ್ರ ನಾನು ಹೇಳಲಾರೆ.

ಆ ಊರಿನ ಮಾತನ್ನು ಇಷ್ಟು ಉದ್ದಕ್ಕೆ ಏಕೆ ಹೇಳಿದಿರಿ, ನಮಗೂ ಪೋಲೀಸನ್ನು ಕೊಟ್ಟವರು ಅವರೇ ಅಲ್ಲವೆ ಎಂದು ನೀವು ಕೇಳಬಹುದು. ಕೊಟ್ಟವರು ಅವರೇ, ಆದರೆ ಕೊಟ್ಟದ್ದು ಇದನ್ನಲ್ಲ. ಐರ್ಲೆಂಡನ್ನು ನೆನಪಿನಲ್ಲಿಡಿ ಎಂದಿದ್ದೆ. ಅಲ್ಲಿನ ಪೋಲೀಸು ಬಂದೂಕು ಹಿಡಿದು, ಊರ ಹೊರಗಿನವರಂತೆ ದಂಡಿನ ಮನೆಗಳಲ್ಲಿ ವಾಸಿಸಿ, ಒಪ್ಪದ ಜನರನ್ನು ಅದುಮಿ ಹಿಡಿಯಲು ಹುಟ್ಟಿದ ಪಡೆ. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಮಾದರಿಯಾಗಿ ಆರಿಸಿಕೊಂಡದ್ದು ಈ ಐರಿಷ್ ಪಡೆಯನ್ನು. ದಂಗೆಯ ಬಿಸಿ ಆರುವ ಮೊದಲೇ ಬಂದ 1861ರ ಪೋಲೀಸ್ ಕಾನೂನು ಅದೇ ಜಾಡು ಹಿಡಿಯಿತು. ಜನರ ಒಪ್ಪಿಗೆ ಬೇಕಾದದ್ದು ಲಂಡನ್ನಿಗೆ, ಜನರ ಅಂಜಿಕೆ ಬೇಕಾದದ್ದು ಹಿಂದೂಸ್ಥಾನಕ್ಕೆ. ಪಡೆಯನ್ನು ಸರ್ಕಾರವೇ ನೇಮಿಸಿದ 1902–03ರ ಫ್ರೇಜರ್ ಆಯೋಗವೇ ಭ್ರಷ್ಟವೆಂದೂ ದಬ್ಬಾಳಿಕೆಯದೆಂದೂ ಕರೆದು ಹೋಯಿತು. ಸ್ವಾತಂತ್ರ್ಯದ ಬಳಿಕ ನಮ್ಮ ರಾಜ್ಯಕ್ಕೆ 1963ರಲ್ಲಿ ಪ್ರತ್ಯೇಕ ಕಾನೂನಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ, ಪೋಲೀಸರ ಮೇಲಿನ ದೂರುಗಳನ್ನು ಕೇಳಲು ರಾಜ್ಯದಲ್ಲೂ ಜಿಲ್ಲೆಗಳಲ್ಲೂ ಪ್ರಾಧಿಕಾರಗಳಿರಬೇಕೆಂದು ಆಜ್ಞೆ ಮಾಡಿತು.

ತಾನೇ ಕಟ್ಟಿದ ಪೋಲೀಸನ್ನು ಆ ಸರ್ಕಾರ ಎಷ್ಟು ನಂಬಿತ್ತೆಂಬುದಕ್ಕೆ 1872ರ ಸಾಕ್ಷ್ಯ ಕಾನೂನಿನ 25ನೆಯ ಕಲಮನ್ನು ನೋಡಿ. ಆಪಾದಿತನು ಪೋಲೀಸ್ ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡರೆ ಆ ಮಾತನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಹಿಡಿಯಕೂಡದು ಎಂದು ಅದು ಹೇಳುತ್ತದೆ. ಆ ಮಾತು ಹೇಗೆ ಬಾಯಿಗೆ ಬಂದಿರಬಹುದೆಂದು ಕಾನೂನು ಬರೆದವರಿಗೆ ಗೊತ್ತಿತ್ತು. 2024ರ ಜುಲೈ 1ರಂದು ಆ ಹಳೆಯ ಕಾನೂನು ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿತು. ಆ ಕಲಮು ಅದರೊಳಗೂ ಇದೆ, 23ನೆಯ ಅಂಕೆಯ ಕೆಳಗೆ.